ಮೂವತ್ತೇಳನೇ ಕಲ್ಲಿನ ಆಚೆ

ನಮ್ಮವ್ವನ ತವರು ತಂಬ್ರಹಳ್ಳಿ. ಮದುವೆಯಾಗಿ ಬರುವಾಗ ಉಳಿದವರು ಹಂಡೆ, ಕೊಡ, ಕಬ್ಬಿಣದ ಪೆಟ್ಟಿಗೆ ತಂದರೆ ಅವಳು ಒಂದು ಒಳಕಲ್ಲು ತಂದಳು. ನಡುವೆ ಗುಂಡಿಯಿದ್ದ ಕರಿಕಲ್ಲು ಅದು. ರುಬ್ಬುವುದಕ್ಕೂ ಆಗುತ್ತಿತ್ತು, ಕುಟ್ಟುವುದಕ್ಕೂ ಆಗುತ್ತಿತ್ತು. ಇಬ್ಬರು ಗಟ್ಟಿ ಗಂಡಸರು ಸೇರಿ ಎತ್ತಿದರೂ ಏದುಸಿರು ಬಿಡಬೇಕು. ಅದನ್ನು ಬಂಡಿಗೆ ಏರಿಸುವಾಗ ಅಜ್ಜಿ ಹೇಳಿದ್ದಳಂತೆ: “ನಿನ್ನ ಸ್ವಂತ ಮನಿ ಆದಾಗ ಇದನ್ನ ನೆಲದಾಗ ಹೂಳು. ಹೂಳಿದ ಮ್ಯಾಲ ಕೀಳಬ್ಯಾಡ. ನಮ್ಮ ಪೈಕಿ ಒಳಕಲ್ಲು ಕಿತ್ತ ಹೆಣ್ಣಮಕ್ಕಳು ಯಾರೂ ಇಲ್ಲ. ನಿನ್ನ ಮಗಳ ಮದುವಿ ಅರಿಷಿಣ ಇದರಾಗ ಕುಟ್ಟು.”

ಸ್ವಂತ ಮನೆ ಎಲ್ಲಿಂದ ಬರಬೇಕು? ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಅಂದರೆ ಹಳಿ ಕಾಯುವ ಗುಂಪಿನ ಆಳು. ನಾವಿದ್ದದ್ದು ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನ ಪಕ್ಕದ ಒಂದೂವರೆ ಕೋಣೆಯ ಕ್ವಾರ್ಟರ್ಸಿನಲ್ಲಿ. ಅದರ ನೆಲ ಸರ್ಕಾರದ್ದು, ಅಗೆಯುವಂತಿಲ್ಲ. ಹೀಗಾಗಿ ಒಳಕಲ್ಲು ಇಪ್ಪತ್ತು ವರ್ಷ ಹಿತ್ತಲಲ್ಲಿ ಬರಿ ನೆಲದ ಮೇಲೆ ಕೂತಿತ್ತು. ಅದರ ತಳ ದುಂಡಗೆ. ಕೆಳಗೆ ಎಷ್ಟು ಕಲ್ಲುಚಕ್ಕೆ ಕೊಟ್ಟರೂ ಅಲುಗಾಡುತ್ತಿತ್ತು. ಅವ್ವ ಒಂದು ಕಾಲು ಮಡಚಿ, ಇನ್ನೊಂದು ಕಾಲು ಚಾಚಿ, ಹೆಬ್ಬೆರಳನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದು ರುಬ್ಬುತ್ತಿದ್ದಳು. ಆ ಬೆರಳಿನ ಪಕ್ಕ ಕಪ್ಪಗೆ ಜಡ್ಡು ಕಟ್ಟಿತ್ತು. ನಾನು ಸಣ್ಣವಳಿದ್ದಾಗ ಎಲ್ಲ ಅವ್ವಂದಿರ ಹೆಬ್ಬೆರಳೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪನ ನಿವೃತ್ತಿಗೆ ಇನ್ನೆರಡು ವರ್ಷ. ನಿವೃತ್ತಿಯಾದ ತಿಂಗಳೇ ಕ್ವಾರ್ಟರ್ಸಿನ ಬೀಗದ ಕೈ ಕೊಟ್ಟು ಹೊರಬೀಳಬೇಕು. ಎಲ್ಲಿಗೆ ಅಂತ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಸರ್ಕಾರ ಊರ ಅಂಚಿನಲ್ಲಿ, ಸ್ಟೇಷನ್ನಿನಿಂದ ಕೂಗಳತೆಯಲ್ಲಿ, ಮನೆಯಿಲ್ಲದವರಿಗೆ ಅಗ್ಗದ ಸೈಟು ಮಾಡಿ ಕೊಡುತ್ತದೆ ಅಂತ ಡಂಗುರ ಸಾರಿದರು. ಅರ್ಜಿ ಬರೆದವಳು ನಾನು. ಟೀಚರ್ ಟ್ರೈನಿಂಗ್ ಮುಗಿಸಿ ನೌಕರಿಯ ಆರ್ಡರಿಗಾಗಿ ಕಾಯುತ್ತಾ ಮನೆಯಲ್ಲಿ ಎಲ್ಲರ ತಲೆ ತಿನ್ನುತ್ತಿದ್ದ ಕಾಲ ಅದು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ, ಮೂಗು ಸ್ವಲ್ಪ ಜೋತುಬಿದ್ದಿದೆ ಅಷ್ಟೇ.

ಶಾಲೆಯ ಅಂಗಳದಲ್ಲಿ ಚೀಟಿ ಎತ್ತಿದರು. ಹಿತ್ತಾಳೆ ಕೊಡದೊಳಗೆ ಚೀಟಿಗಳನ್ನು ಹಾಕಿ, ಲಂಗ ತೊಟ್ಟ ಪುಟ್ಟ ಹುಡುಗಿಯೊಬ್ಬಳ ಕೈಲಿ ತೆಗೆಸಿದರು. ನಮಗೆ ಮೂವತ್ತೇಳು ಬಂತು. ಅಪ್ಪ ಮನೆಗೆ ಓಡಿಬಂದು ಬಾಗಿಲಲ್ಲೇ ನಿಂತು ನಂಬರು ಹೇಳಿದ. ಅವ್ವ ಒಲೆಯ ಮುಂದಿನಿಂದ ಏಳದೆ ಕೇಳಿದಳು.

“ನೆಲ ಗಟ್ಟಿ ಐತೇನು?”

“ಅಯ್ಯ, ಸೈಟು ಸಿಕ್ಕೈತಿ ಅಂದ್ರ ನೆಲ ಕೇಳ್ತಾಳ ನೋಡು!”

“ಕಲ್ಲು ಕುಂದ್ರಬೇಕಲ್ಲ, ಅದಕ್ಕ ಕೇಳಿದೆ,” ಅಂದಳು. ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಇರಲಿಲ್ಲ.

ಮರುದಿನ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಜಾಗ ತೋರಿಸಿದ. ಎರೆಮಣ್ಣಿನ ಬಯಲು. ಸಾಲಾಗಿ ಮೊಳ ಎತ್ತರದ ಕಲ್ಲು ನೆಟ್ಟು, ಒಂದೊಂದರ ಮೇಲೂ ಸುಣ್ಣದಲ್ಲಿ ಅಂಕಿ ಬರೆದಿದ್ದರು. ಸೈಟುಗಳ ನಡುವೆ ಬೇಲಿಯಿಲ್ಲ, ಗೆರೆಯಿಲ್ಲ, ಎರಡು ಸೈಟಿನ ನಡುವೆ ಒಂದು ಕಲ್ಲು, ಅಷ್ಟೇ. ಅಪ್ಪ ಮೂವತ್ತೇಳರ ಕಲ್ಲಿನ ಹತ್ತಿರ ಹೋಗಿ, ಸ್ಟೇಷನ್ನಿಗೆ ಬೆನ್ನು ಕೊಟ್ಟು ನಿಂತು, ಕಲ್ಲಿನಿಂದ ಮುಂದಕ್ಕೆ ಕೈ ಚಾಚಿದ. “ಇಲ್ಲಿಂದ ಅಲ್ಲಿಗಂಟ ನಮ್ದು.” ಅವನ ಲೆಕ್ಕ ರೈಲ್ವೆಯ ಲೆಕ್ಕ. ಅವನ ಗುಂಪಿಗೆ ಹಳಿ ಹಂಚಿಕೊಡುವಾಗ ಕಲ್ಲಿನ ಮೇಲಿನ ಅಂಕಿ ಆ ಕಲ್ಲಿನಿಂದ ಮುಂದಿನ ದಾರಿಗೆ ಸೇರಿದ್ದು. ಸ್ಟೇಷನ್ ಹಿಂದೆ, ಕೆಲಸ ಮುಂದೆ. ಮೂವತ್ತು ವರ್ಷ ಹಾಗೆ ನಿಂತು ನಿಂತು ಅವನ ಬೆನ್ನಿಗೆ ಸ್ಟೇಷನ್ ಎಲ್ಲಿದೆ ಅಂತ ತಾನೇ ತಿಳಿಯುತ್ತಿತ್ತು.

ಆದರೂ ಅಪ್ಪ ಹುಷಾರಿನ ಮನುಷ್ಯ. “ತಾಲ್ಲೂಕು ಆಫೀಸಿನ ಗ್ವಾಡಿಗೆ ನಕಾಶಿ ಅಂಟಿಸ್ಯಾರಂತ. ನೀ ಓದಿದಾಕಿ, ಹೋಗಿ ಒಂದ್ಸಲ ನೋಡಿ ಬಾರವ್ವ,” ಅಂದ.

ನಾನು ಹೋದೆ. ಇದನ್ನು ಬರೆಯದೆ ಬೇರೆ ದಾರಿಯಿಲ್ಲ. ಸುಡುವ ಬಿಸಿಲು. ನಕಾಶೆಯ ಮುಂದೆ ಗಂಡಸರು ಜೇನುಹುಳದಂತೆ ಮುತ್ತಿದ್ದರು. ಒಬ್ಬ ನನ್ನ ಕಾಲು ತುಳಿದ. ಅವನಿಗೆ ಬಾಯಿಗೆ ಬಂದಂತೆ ಬೈದು, ಅದೇ ಸಿಟ್ಟಿನಲ್ಲಿ ತಿರುಗಿ ಮನೆಗೆ ಬಂದುಬಿಟ್ಟೆ. ನಕಾಶೆಯ ಒಂದು ಮೂಲೆ ಕೂಡ ನೋಡಿರಲಿಲ್ಲ. ಅಪ್ಪ ಕೇಳಿದಾಗ, “ನೋಡೀನಿ, ನೀ ಹೇಳಿದ್ದೇ ಖರೆ,” ಅಂದೆ. ಎರಡನೇ ಸಲ ಬಿಸಿಲಿಗೆ ಹೋಗಬೇಕಾಗುತ್ತದಲ್ಲ ಎಂಬ ಸೋಮಾರಿತನ, ಮತ್ತೇನಿಲ್ಲ.

ಖಾಲಿ ಬಿಟ್ಟ ಸೈಟಿನಲ್ಲಿ ಯಾರಾದರೂ ಗುಡಿಸಲು ಹಾಕಿಬಿಡುತ್ತಾರೆ ಅಂತ ಊರೆಲ್ಲ ಹೆದರಿಕೆ. ಒಬ್ಬರು ಬೇವಿನ ಸಸಿ ನೆಟ್ಟರು, ಇನ್ನೊಬ್ಬರು ನಾಲ್ಕು ಕಂಬ ನಿಲ್ಲಿಸಿದರು. ಅವ್ವ ಹೇಳಿದಳು: “ನಾವು ಒಳಕಲ್ಲು ಹೂಳೋಣು. ಹೂಳಿದ ಒಳಕಲ್ಲು ಯಾರು ಮುಟ್ಟತಾರ?”

ಶ್ರಾವಣದ ಒಂದು ಸೋಮವಾರ ಅಪ್ಪನ ಗುಂಪಿನ ಆರು ಜನ ಬಂದರು. ಹಳಿ ಎತ್ತುವ ಇಕ್ಕಳ, ಬೊಂಬು, ಹಾರೆ ಎಲ್ಲ ತಂದಿದ್ದರು. ಕಲ್ಲನ್ನು ಬೊಂಬಿಗೆ ಜೋತು ಹಾಕಿ “ಹೈಸಾ, ಇನ್ನೊಂದ್ಸಲ ಹೈಸಾ” ಅಂತ ರಾಗ ಎಳೆಯುತ್ತಾ ಹೊತ್ತೊಯ್ದರು. ಮುಂದಿನವನು ಅವ್ವನನ್ನು ಛೇಡಿಸಿ ಹಾಡು ಕಟ್ಟಿದ: “ಅಕ್ಕನ ತವರು ಭಾರ, ಹೈಸಾ, ಮಾವನ ಜೇಬು ಹಗುರ, ಹೈಸಾ.” ಅವ್ವ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಾ ಹಿಂದೆ ನಡೆದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿರಲಿಲ್ಲ.

ಅಡುಗೆಮನೆ ಎಲ್ಲಿ ಬರಬೇಕು ಅಂತ ಅವಳೇ ಕಾಲಿನಿಂದ ಗುರುತು ಮಾಡಿದಳು. ರಸ್ತೆಯ ಹತ್ತಿರಕ್ಕೆ ಆಯಿತು ಅಂತ ಯಾರೋ ಅಂದರು. “ಇರಲಿ, ರುಬ್ಬತಾ ರುಬ್ಬತಾ ಹೋಗೋರು ಬರೋರ್ನ ನೋಡತೀನಿ, ಇಪ್ಪತ್ತು ವರ್ಷ ಬರೀ ಗೂಡ್ಸ್ ಗಾಡಿ ನೋಡೀನಿ,” ಅಂದಳು. ಗ್ಯಾಂಗಿನವರಿಗೆ ಹೂಳುವುದೆಂದರೆ ಒಂದೇ ರೀತಿ ಗೊತ್ತು. ಹಳಿಯ ಕೆಳಗಿನ ದಿಮ್ಮಿಗೆ ಜಲ್ಲಿ ಕೊಟ್ಟಂತೆ, ಕಲ್ಲಿನ ಸುತ್ತ ಪದರ ಪದರವಾಗಿ ಜಲ್ಲಿ ತುಂಬಿ, ಬಡಿದು, ನೀರು ಹಾಕಿ, ಮತ್ತೆ ಬಡಿದರು. “ಇದರ ಮ್ಯಾಲ ಎಂಜಿನ್ ಹೋದ್ರೂ ಅಲುಗಾಡಂಗಿಲ್ರಿ ಅಕ್ಕಾರ,” ಅಂತ ಮೇಸ್ತ್ರಿ ಎದೆ ತಟ್ಟಿಕೊಂಡ. ಅವ್ವ ಅರಿಶಿನ ಕುಂಕುಮ ಹಚ್ಚಿ, ಎಲ್ಲರಿಗೂ ಗೋಧಿ ಹುಗ್ಗಿ ಬಡಿಸಿದಳು. ರುಬ್ಬಿ ನೋಡು ಅಂದರೆ ಒಪ್ಪಲಿಲ್ಲ. ಮೇಲೆ ಸೂರು ಬಂದ ದಿನ ರುಬ್ಬುತ್ತೇನೆ ಅಂದಳು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹುಡುಗರು ಓಡಿಬಂದು ನಿಮ್ಮ ಸೈಟಿನಲ್ಲಿ ಯಾರೋ ಟೇಪು ಹಿಡಿದು ಅಳೆಯುತ್ತಿದ್ದಾರೆ ಅಂದರು. ಅಪ್ಪ ಡ್ಯೂಟಿಗೆ ಹೋಗಿದ್ದ. ನಾನು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಸಾಹೇಬರು ಮತ್ತು ಅವರ ಹೆಂಡತಿ ಇದ್ದರು. ಆಕೆಗೆ ಮೂವತ್ತೈದರ ಆಸುಪಾಸು, ತುಂಬಿದ ಮೈ. ಒಳಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರೊಳಗೆ ಬಿದ್ದ ಎಲೆಗಳನ್ನು ಆರಿಸಿ ತೆಗೆಯುತ್ತಿದ್ದಳು.

“ಹೂತ ಕಲ್ಲು ಕಾಣಂಗಿಲ್ಲೇನು? ಕಣ್ಣಾಗ ಮಣ್ಣು ಬಿದ್ದೈತೇನು ನಿಮಗ?” ಅಂತ ಶುರು ಮಾಡಿದೆ. ಆಮೇಲೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಅದರಲ್ಲಿ ಕಳ್ಳರು ಅನ್ನುವ ಪದ ಇತ್ತು. ಅವರ ಜಾತಿಯೂ ಬಂತು. ಸಾಹೇಬರು ಕೈಯಲ್ಲಿದ್ದ ಕಾಗದವನ್ನು ನನ್ನ ಕಡೆ ಚಾಚಿ, “ತಂಗಿ, ನಕಾಶಿ ನೋಡವ್ವ, ಇದು ಮೂವತ್ತೆಂಟು, ನಮ್ದು,” ಅನ್ನುತ್ತಲೇ ಇದ್ದರು. ಹೆಂಡತಿ ಎದ್ದು ನಿಂತು ಸೀರೆ ಕೊಡವಿಕೊಂಡು ನನ್ನನ್ನು ನೋಡಿದಳು.

ಅದೇ ಸಿಟ್ಟಿನಲ್ಲಿ ನೇರ ತಾಲ್ಲೂಕು ಆಫೀಸಿಗೆ ಹೋದೆ. ಗುಮಾಸ್ತ ಕಡತ ಬಿಚ್ಚಿ ಬೆರಳಿಟ್ಟು ತೋರಿಸಿದ. ಸರ್ವೆಯವರ ಲೆಕ್ಕದಲ್ಲಿ ಸೈಟು ಮುಗಿಯುವ ಕಡೆ ಅದರ ಕಲ್ಲು. ಅಂದರೆ ಮೂವತ್ತೇಳರ ಕಲ್ಲಿನ ಈಚೆ, ಸ್ಟೇಷನ್ನಿನ ಕಡೆ ಇರುವುದು ನಮ್ಮದು. ಆಚೆಯದು ಅವರದು. ಅಪ್ಪ ಬೆನ್ನು ಕೊಟ್ಟು ನಿಂತಿದ್ದನಲ್ಲ, ಆ ಬೆನ್ನಿನ ಹಿಂದೆಯೇ ಇತ್ತು ನಮ್ಮ ಸೈಟು. “ನಕಾಶಿ ಗ್ವಾಡಿಗೆ ಅಂಟಿಸಿದ್ವಲ್ಲಮ್ಮ, ಒಂದು ತಿಂಗಳು. ನೋಡಲಿಲ್ಲೇನು?” ಅಂತ ಗುಮಾಸ್ತ ಕೇಳಿದ.

ಸಂಜೆ ಅಪ್ಪ ಸುದ್ದಿ ಕೇಳಿ ಕಟ್ಟೆಯ ಮೇಲೆ ಕೂತುಬಿಟ್ಟ. “ಮೂವತ್ತು ವರ್ಷ ಕಲ್ಲು ನೋಡೇ ಕೆಲಸ ಮಾಡೀನಿ. ಇದೊಂದು ಕಲ್ಲು ತಪ್ಪಿದೆ,” ಅಂದ. ಮಗಳು ನಕಾಶೆ ನೋಡಿ ಬಂದಿದ್ದಳಲ್ಲ ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ. ನಾನೂ ತಪ್ಪಾಗಿ ಓದಿರಬೇಕು ಅಂದುಕೊಂಡನೋ, ನನ್ನ ಮುಖ ನೋಡಿ ಬಿಟ್ಟನೋ. ತಪ್ಪನ್ನೆಲ್ಲ ತನ್ನ ತಲೆಗೇ ಹಾಕಿಕೊಂಡ. ಸಾಯುವವರೆಗೂ ಗೆಳೆಯರ ಮುಂದೆ ಆ ಕತೆಯನ್ನು ತನ್ನ ಪೆದ್ದತನದ ಕತೆಯಾಗಿಯೇ ಹೇಳಿ ನಗಿಸುತ್ತಿದ್ದ. ನಾನು ಪಕ್ಕದಲ್ಲೇ ಇರುತ್ತಿದ್ದೆ. ಅಪ್ಪಾ, ನಾನು ನಕಾಶೆ ನೋಡಿರಲಿಲ್ಲ ಅಂತ ಒಂದು ದಿನವೂ ಹೇಳಲಿಲ್ಲ. ಈಗ ಹೇಳಬೇಕೆಂದರೆ ಅವನಿಲ್ಲ.

ಆ ವಾರವೇ ಸಾಹೇಬರು ಹೆಂಡತಿಯ ಜೊತೆ ಮನೆಗೆ ಬಂದು, “ಅದಲಿ ಬದಲಿ ಮಾಡ್ಕೊಳ್ಳೋಣ್ರಿ, ಎರಡೂ ಒಂದೇ ಅಳತಿ,” ಅಂದರು. ಆದರೆ ಹಕ್ಕುಪತ್ರದಲ್ಲಿ ಒಂದು ನಂಬರು, ಮನೆ ಇನ್ನೊಂದರಲ್ಲಿ ಆದರೆ ಸೈಟು ವಾಪಸು ಹೋಗುತ್ತದೆ ಅಂತ ಗುಮಾಸ್ತ ಖಡಾಖಂಡಿತ ಹೇಳಿದ್ದ. ಅಪ್ಪ ಹೆದರಿದ. “ಹಂಗಾರ ನಮ್ಮ ಹುಡುಗರನ್ನ ಕರಕೊಂಬಂದು ಕಲ್ಲು ಕೀಳಿಸ್ತೀನಿ,” ಅಂದ.

ಅವ್ವ ಒಳಗಿನಿಂದ ಬಂದು ಸಾಹೇಬರ ಹೆಂಡತಿಯ ಮುಂದೆ ನಿಂತಳು.

“ಕೀಳೂದು ಬ್ಯಾಡ. ನಿನ್ನ ನೆಲದಾಗ ಕುಂತೈತಿ, ಇನ್ನ ಅದು ನಿಂದು. ನಾ ಕೊಟ್ಟೀನಿ. ಒಂದೇ ಮಾತು ಕೇಳತೀನಿ ತಂಗಿ, ನೀನೂ ಕೀಳಬ್ಯಾಡ.”

ಅವಳು ಅವ್ವನ ಕೈ ಹಿಡಿದುಕೊಂಡು, “ಇಲ್ರಿ ಅಕ್ಕಾ,” ಅಂದಳು. ಅವರು ಹೋದ ಮೇಲೆ ನಾನು ಎಗರಾಡಿದೆ. ಅದು ನಿನ್ನ ತವರಿನ ಕಲ್ಲು, ನಾಳೆ ನನಗೆ ಬರಬೇಕಾದ ಕಲ್ಲು, ಅವರು ಅದರಲ್ಲಿ ಮಾಂಸದ ಮಸಾಲೆ ಅರೆಯುತ್ತಾರೆ, ಅಂತೆಲ್ಲ ಕಿರುಚಿದೆ. ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. “ಕೊಟ್ಟ ಮ್ಯಾಲ ಅವರು ಏನರ ಅರೀಲಿ, ಸುಮ್ನಿರು,” ಅಂದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಎರಡೂ ಮನೆಗಳು ಹೆಚ್ಚುಕಡಿಮೆ ಒಟ್ಟಿಗೆ ಎದ್ದವು. ನಮ್ಮದು ಎರಡು ಕೋಣೆ, ಮುಂದೆ ಒಂದು ಪಡಸಾಲೆ. ಅಪ್ಪ ಬೀಗದ ಕೈ ಕೊಟ್ಟ ದಿನವೇ ಅಲ್ಲಿಗೆ ಹೋದೆವು. ಪಕ್ಕದ ಮನೆಯನ್ನು ನೋಡಿ ಬೀದಿಯವರೆಲ್ಲ ನಗುತ್ತಿದ್ದರು. ಸಾಹೇಬರು ರಸ್ತೆಯ ಕಡೆ ರಿಪೇರಿಯ ಅಂಗಡಿ ಹಾಕಬೇಕೆಂದಿದ್ದವರು. ಹೆಂಡತಿ ಒಪ್ಪಲಿಲ್ಲವಂತೆ. ಕಲ್ಲು ಎಲ್ಲಿತ್ತೋ ಅಲ್ಲೇ ಅಡುಗೆಮನೆ ಕಟ್ಟಿಸಿದಳು. ಇಡೀ ಸಾಲಿನಲ್ಲಿ ಅಡುಗೆಮನೆ ಮುಂದೆ, ಪಡಸಾಲೆ ಹಿಂದೆ ಇದ್ದದ್ದು ಅದೊಂದೇ ಮನೆ. ಪಂಪ್ ರಿಪೇರಿಗೆ ಬಂದವರು ಒಗ್ಗರಣೆಯ ವಾಸನೆ ಕುಡಿದು ಹಿತ್ತಲಿಗೆ ಹೋಗಬೇಕಿತ್ತು.

ನೆರೆಹೊರೆ ಚೆನ್ನಾಗಿಯೇ ಇತ್ತು. ರಂಜಾನಿಗೆ ಅವಳು ಶಾವಿಗೆ, ಸಕ್ಕರೆ, ದ್ರಾಕ್ಷಿ, ಹಾಲು ಎಲ್ಲವನ್ನೂ ಬೇಯಿಸದೆ ಹಾಗೇ ತಟ್ಟೆಯಲ್ಲಿಟ್ಟು ಕಳಿಸುತ್ತಿದ್ದಳು. ಯುಗಾದಿಗೆ ಅವ್ವ ಹೋಳಿಗೆ ಕೊಡುತ್ತಿದ್ದಳು. ಅಪ್ಪ, ಸಾಹೇಬರು ಸಂಜೆ ಒಂದೇ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಆದರೆ ಅವ್ವ ಮಾತ್ರ ಅವರ ಹೊಸ್ತಿಲು ದಾಟಲಿಲ್ಲ. “ಬರ್ರಿ ಅಕ್ಕಾ, ಒಂದ್ಸಲ ರುಬ್ಬಿ ಹೋಗ್ರಿ,” ಅಂತ ಅವಳು ಎಷ್ಟು ಸಲ ಕರೆದಳೋ. “ಬರತೀನಿ ಬಿಡವ್ವ,” ಅಂತ ಇವಳು ಅಷ್ಟೇ ಸಲ ಅಂದಳು. ಕೊಟ್ಟೂರಿನ ಸಂತೆಯಿಂದ ಅಪ್ಪ ತಂದುಕೊಟ್ಟ ಒಂದು ಸಣ್ಣ ಕಲ್ಲಿನಲ್ಲೇ ನಮ್ಮ ಚಟ್ನಿ, ದೋಸೆಹಿಟ್ಟು ಎಲ್ಲ. ಅದೂ ಅಲುಗಾಡುತ್ತಿತ್ತು. ಅದನ್ನು ಹೂಳು ಅಂದರೆ, “ಅದೇನು ತವರಿನದಾ,” ಅನ್ನುತ್ತಿದ್ದಳು. ಬೆಳಿಗ್ಗೆ ಗೋಡೆಯ ಆಚೆಯಿಂದ ಗುಂಡು ತಿರುಗುವ ಗುಡುಗುಡು ಸದ್ದು ಬಂದರೆ ಅವ್ವನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಆ ಕೈ ನಿಲ್ಲುವುದನ್ನು ನೋಡಿದಾಗೆಲ್ಲ ನನಗೆ ನಕಾಶೆ ನೆನಪಾಗುತ್ತಿತ್ತು.

ಹೀಗೆ ನಾಲ್ಕು ವರ್ಷ ಕಳೆಯಿತು. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯ ಶಾಲೆಯಲ್ಲಿ ನನಗೆ ನೌಕರಿ ಸಿಕ್ಕಿತು. ಹಡಗಲಿಯ ಕಡೆಯ ಸಂಬಂಧ ಕುದುರಿತು. ನಮ್ಮಲ್ಲಿ ಮದುವೆ ಶುರುವಾಗುವುದೇ ಅರಿಶಿನ ಕುಟ್ಟುವುದರಿಂದ. ಐದು ಜನ ಮುತ್ತೈದೆಯರು ಒಳಕಲ್ಲಿಗೆ ಪೂಜೆ ಮಾಡಿ, ಅದರಲ್ಲಿ ಅರಿಶಿನದ ಕೊಂಬು ಹಾಕಿ, ಒನಕೆ ಹಿಡಿದು ಹಾಡುತ್ತಾ ಕುಟ್ಟುತ್ತಾರೆ. ಸಂತೆಯ ಸಣ್ಣ ಕಲ್ಲು ಒನಕೆಯ ಏಟಿಗೆ ತಡೆಯುವುದಿಲ್ಲ. ಅವ್ವ ಮೂರು ಓಣಿ ಆಚೆಯ ಸಂಬಂಧಿಕರ ಮನೆಗೆ ಹೋಗಿ ಕುಟ್ಟುವುದೆಂದು ನಿಶ್ಚಯ ಮಾಡಿದಳು. ಪಕ್ಕದ ಮನೆಯ ಹೆಸರು ಎತ್ತಲಿಲ್ಲ. ಎತ್ತಿದ್ದರೂ ನಮ್ಮ ಕಡೆಯ ಹೆಂಗಸರು, ಎಂಥೆಂಥದ್ದೋ ಅರೆದ ಕಲ್ಲಿನಲ್ಲಿ ಮದುವೆಯ ಅರಿಶಿನವೇ ಅಂತ ಬಾಯಿ ಬಡಿದುಕೊಳ್ಳುತ್ತಿದ್ದರು. ಅವರನ್ನೇನು ಹೇಳುವುದು, ಮೊದಲು ಅಂದವಳು ನಾನೇ.

ಅಂದು ಬೆಳಿಗ್ಗೆ ಹೆಂಗಸರು ಮೊರ, ಒನಕೆ ಹಿಡಿದು ನಮ್ಮ ಬಾಗಿಲಿನಿಂದ ಹೊರಟರು. ಪಕ್ಕದ ಮನೆಯ ಅಡುಗೆಮನೆ ರಸ್ತೆಗೇ ಅಂಟಿಕೊಂಡಿತ್ತಲ್ಲ, ಅವಳು ಕಿಟಕಿಯಿಂದ ನೋಡಿಬಿಟ್ಟಳು. ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ಬೀದಿಗೆ ಇಳಿದು ಅಡ್ಡ ನಿಂತಳು.

“ಎಲ್ಲಿಗಿ ಹೊಂಟೀರಿ ಅಕ್ಕಾ?”

ಅವ್ವ ತಡವರಿಸಿದಳು. “ಹಿಂಗ... ಅರಿಷಿಣ ಕುಟ್ಟಾಕ.”

“ಯಾ ಅಲ್ಲಾ! ಮಗಳ ಮದುವಿ ಕಲ್ಲು ಇಲ್ಲಿ ಬಿಟ್ಟು ಮೂರು ಓಣಿ ದಾಟಿ ಹೊಂಟೀರೇನು? ನಾಕು ವರ್ಷದಿಂದ ಕಾಯಾಕ ಹತ್ತೀನಿ ನಾ!” ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ಸಿಟ್ಟು. “ಒಳಗ ಬರ್ರಿ. ನೋಡಿ ಹೋಗ್ರಿ. ಆಮ್ಯಾಲ ಬೇಕಂದ್ರ ಹೋಗ್ರಿ.”

ಅವ್ವನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದಳು. ನಾನು ಹಿಂದೆ. ಅಡುಗೆಮನೆ ದಾಟಿಸಿ ಮೊದಲು ಹಿತ್ತಲಿಗೆ ಒಯ್ದಳು. ಅಲ್ಲಿ ಗೋಡೆಗೆ ಒರಗಿಸಿದ ಒಂದು ಚಪ್ಪಟೆ ಅರೆಯುವ ಕಲ್ಲು, ನಡುವೆ ಸವೆದು ತಗ್ಗಾಗಿತ್ತು.

“ನಮ್ಮ ಬಾಡಿನ ಮಸಾಲಿ ಎಲ್ಲ ಇಲ್ಲಿ ಅರೀತೀನಿ ಅಕ್ಕಾ. ಮಳಿಯಾಗೂ ಇಲ್ಲೇ, ತಲಿಗೆ ಗೋಣಿಚೀಲ ಹಾಕ್ಕೊಂಡು. ನಿಮ್ಮ ಕಲ್ಲಾಗ ಅಕ್ಕಿ, ಉದ್ದು, ಕಾಯಿ, ಅಷ್ಟೇ. ಒಂದು ದಿನಾನೂ ಬ್ಯಾರೆ ಹಾಕಿಲ್ಲ. ನಮ್ಮ ಅತ್ತಿ ಬೈದಾಳ, ನಮ್ಮ ಮನಿಯವ್ರು ನಕ್ಕಾರ. ಎಂದರ ಒಂದಿನ ನೀವು ಬರತೀರಿ, ಬಂದ್ರ ಮನಸಿಗೆ ಕಸಿವಿಸಿ ಆಗಬಾರದು ಅಂತ.”

ಹಿಂದೆ ಬಂದಿದ್ದ ಹೆಂಗಸರು ಕೈಯಲ್ಲಿದ್ದ ಮೊರ, ಒನಕೆ ಕೆಳಗಿಟ್ಟರು. ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತೆ. “ಅಕ್ಕಾ, ಅವತ್ತು ನಾ ನಿಮಗ...” ಅಂದೆ.

“ಅವತ್ತು ಭಾಳ ಬೈದಿ,” ಅಂದಳು ಅವಳು. ಸೌಟಿನಿಂದ ನನ್ನ ಭುಜಕ್ಕೆ ಮೆಲ್ಲಗೆ ತಟ್ಟಿದಳು. “ನಿನ್ನ ಗಂಡನ್ನ ನೆನಸ್ಕೊಂಡ್ರ ಪಾಪ ಅನ್ನಿಸ್ತೈತಿ ನೋಡು. ಏಳು, ಅರಿಷಿಣ ಕುಟ್ಟುವಾಗ ಮದಲಿಂಗಿತ್ತಿ ಹಿಂಗ ಅಳಬಾರದು.”

ಒಳಕಲ್ಲಿನ ಬಾಯಿ ತೊಳೆದು ಒರೆಸಿ, ಹಿಂದಿನ ಸಂಜೆಯೇ ತಂದಿಟ್ಟುಕೊಂಡಿದ್ದ ಮಲ್ಲಿಗೆಯ ದಂಡೆಯನ್ನು ಅದರ ಸುತ್ತ ಇಟ್ಟಿದ್ದಳು. ಐದು ಜನ ಒನಕೆ ಹಿಡಿದರು. ಅವ್ವ ಅವಳ ಕೈಯನ್ನೂ ಒನಕೆಗೆ ಸೇರಿಸಿದಳು. ಆರಾಯಿತು ಅಂತ ಯಾರೋ ಗೊಣಗಿದರು, ಅವ್ವ ಕೇಳಿಸಿಕೊಳ್ಳಲಿಲ್ಲ. ಹಾಡು ಮುಗಿದು, ಅರಿಶಿನ ಪುಡಿಯಾಗಿ, ಹೆಂಗಸರು ಮೊರ ಎತ್ತಿಕೊಂಡು ಹೊರಗೆ ಹೋದರು. ಅಲ್ಲಿ ಉಳಿದವರು ನಾವು ಮೂವರೇ. ಆಗ ಅವಳು ಒಂದು ಬೋಗುಣಿಯಲ್ಲಿ ನೆನೆಹಾಕಿದ ಅಕ್ಕಿ ತಂದು ಅವ್ವನ ಮುಂದೆ ಇಟ್ಟಳು.

ಅವ್ವ ಕೂತಳು. ಒಂದು ಕಾಲು ಮಡಚಿದಳು. ಅಕ್ಕಿ ಸುರಿದು, ರುಬ್ಬುವ ಗುಂಡು ಹಿಡಿದು, ಇಪ್ಪತ್ತು ವರ್ಷದ ರೂಢಿಯಂತೆ ಇನ್ನೊಂದು ಕಾಲು ಚಾಚಿ ಆ ಜಡ್ಡುಗಟ್ಟಿದ ಹೆಬ್ಬೆರಳನ್ನು ಕಲ್ಲಿನ ಅಂಚಿಗೆ ಒತ್ತಿದಳು. ಎರಡು ಸುತ್ತು ತಿರುಗಿಸಿದಳು. ನಿಲ್ಲಿಸಿ ಕಾಲಿನ ಕಡೆ ನೋಡಿದಳು. ಮತ್ತೆ ಎರಡು ಸುತ್ತು. ಆಮೇಲೆ ಮೆಲ್ಲಗೆ ಬೆರಳು ತೆಗೆದು, ಆ ಕಾಲನ್ನೂ ಮಡಚಿಕೊಂಡು, ಎರಡೂ ಕೈಯಿಂದ ರುಬ್ಬತೊಡಗಿದಳು. ಕಲ್ಲು ಅಲುಗಾಡಲಿಲ್ಲ.